ಕಲ್ಲಿಟ್ಟ ತೊಟ್ಟಿ

ಜೂನ್ ೬

ಚೂಟಿಗೆ ಅಣ್ಣನ ಹಾರೈಕೆಗಳು.

ನಿನ್ನ ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಸೊಂಟದ ಮೂಳೆ ಕೂಡಿದೆ. ಬಲಗೈ ಮಣಿಕಟ್ಟಿನ ಪಟ್ಟಿಯನ್ನು ಇನ್ನೂ ಬಿಚ್ಚಿಲ್ಲ. ಕೋಲು ಹಿಡಿದು ನಿಧಾನವಾಗಿ ಓಡಾಡಲಿ ಎಂದು ವೈದ್ಯರು ಹೇಳಿದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದೂ ಅವರೇ ಹೇಳಿದರು. ಈ ಎರಡು ಮಾತುಗಳಲ್ಲಿ ನಾನು ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಹಿತ್ತಿಲ ಮೆಟ್ಟಿಲ ಮೇಲೆ, ತಾನೇ ನೆನೆಹಾಕಿ ಒರಗಿಸಿದ್ದ ಬೆತ್ತದ ಕಟ್ಟನ್ನು ಎಡವಿ ಬಿದ್ದವಳು ಅವಳು. ಆದ್ದರಿಂದ ಎಡವಬಹುದಾದ ವಸ್ತುಗಳನ್ನೆಲ್ಲ ಮುಂದಿನ ಕೋಣೆಯಿಂದ ತೆಗೆಸಿದ್ದೇನೆ. ನೆಲಹಾಸು, ಗಿಡ್ಡಮೇಜು, ಹೂಕುಂಡಗಳು, ಕನ್ನಡಿಯ ಮೇಜು, ಕಿಟಕಿಯ ಬಳಿಯ ಕುರ್ಚಿ ಯಾವುವೂ ಈಗ ಅಲ್ಲಿಲ್ಲ. ಮಂಚವೊಂದಿದೆ, ಮಾತ್ರೆಗಳನ್ನಿಡುವ ಗೋಡೆಗೂಡೊಂದಿದೆ. ಪಕ್ಕದ ಮನೆಯ ನರ್ಸಮ್ಮ ಬಂದು ನೋಡಿ, “ಮೇಷ್ಟ್ರೇ, ನಮ್ಮ ಆಸ್ಪತ್ರೇನೂ ಇಷ್ಟು ಕ್ಲೀನಾಗಿರಲ್ಲ ಬಿಡಿ” ಎಂದರು. ನಿನ್ನ ಅತ್ತಿಗೆ ಮಾತ್ರ ಬಾಗಿಲಲ್ಲಿ ನಿಂತು, “ಯಾರ್ರೀ ಮನೆ ಖಾಲಿ ಮಾಡ್ತಿರೋದು?” ಎಂದು ಕೇಳಿದಳು. ಅವಳ ತಮಾಷೆ ಆಸ್ಪತ್ರೆಯಲ್ಲಿ ಕಳೆದುಹೋಗಿಲ್ಲ ಎಂದು ಸಂತೋಷವಾಯಿತು.

ಫೋನಿನಲ್ಲಿ ನೀನು ಆತುರಪಡುತ್ತೀಯೆ, ನನಗೆ ಕಿವಿ ಮಂದ. ಪತ್ರವನ್ನೇ ಬರೆ. ಬರೆಯುವಾಗ ವಾಕ್ಯಗಳನ್ನು ಮುಗಿಸು. ನಾನು ಕಲಿಸಿದವಳು ಅರ್ಧ ವಾಕ್ಯ ಬರೆದರೆ ಅವಮಾನ ನನ್ನದು.

ನಿನ್ನ ಅಣ್ಣ


ಜೂನ್ ೨೭

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ.

ಮೊಟ್ಟೆಯೊಡೆದು ಮರಿಗಳು ಹೊರಬರುವ ಕಾಲದಲ್ಲಿ ನಾವು ಮೀನುಮರಿ ಕೇಂದ್ರದ ಅಂಗಳ ದಾಟುವುದಿಲ್ಲ. ಅತ್ತಿಗೆಯನ್ನು ನೋಡಲು ಬರಲಾಗದ್ದಕ್ಕೆ ಇದೇ ಕಾರಣ ಎಂದುಕೊಳ್ಳಿ.

ನಿನ್ನ ಕೆಲಸ ಏನೇ ಎಂದು ಅತ್ತಿಗೆ ಪ್ರತಿ ಸಲವೂ ಕೇಳುತ್ತಾರೆ. ‘ಮೀನು ಸಾಕೋದು’ ಎಂದು ಹೇಳಿ ನಾನು ಜಾರಿಕೊಳ್ಳುತ್ತೇನೆ. ಈ ಸಲ ಸರಿಯಾಗಿ ಹೇಳುತ್ತೇನೆ. ನದಿಯಲ್ಲಿ ಮೀನು ಕಡಿಮೆಯಾಗಿದೆ. ಇಲ್ಲಿ ಮರಿ ಮಾಡಿಸಿ, ಬೆರಳುದ್ದ ಬೆಳೆಸಿ, ಅಕ್ಟೋಬರ್‌ನಲ್ಲಿ ನದಿಗೆ ಬಿಡುತ್ತೇವೆ. ಬೆಳೆಸುವುದು ದುಂಡನೆಯ ಸಿಮೆಂಟು ತೊಟ್ಟಿಗಳಲ್ಲಿ. ನುಣ್ಣಗಿನ ಗೋಡೆ, ನುಣ್ಣಗಿನ ತಳ, ಒಂದೇ ದಿಕ್ಕಿಗೆ ಸುತ್ತುವ ನೀರು. ಕಲ್ಲಿಲ್ಲ, ಗಿಡವಿಲ್ಲ, ಮರೆಯಿಲ್ಲ, ಹಗೆಯಿಲ್ಲ. ಹೊತ್ತು ಹೊತ್ತಿಗೆ ಆಹಾರದ ಗುಳಿಗೆಗಳು ಮೇಲಿನಿಂದ ಬೀಳುತ್ತವೆ. ಮರಿಗಳು ದುಂಡುದುಂಡಗೆ ಬೆಳೆಯುತ್ತವೆ, ನದಿಗೆ ಬಿಟ್ಟ ಕೆಲವೇ ದಿನಗಳಲ್ಲಿ ಬಹುಪಾಲು ಸಾಯುತ್ತವೆ.

ಏಕೆಂದು ನನಗೆ ಅರ್ಥವಾದದ್ದು ಒಂದು ಸಣ್ಣ ಸಂಗತಿಯಿಂದ. ತೊಟ್ಟಿಯ ಮೇಲೆ ಸುಮ್ಮನೆ ಕೈ ಚಾಚಿದರೂ ಸಾಕು, ಆ ನೆರಳಿಗೆ ಅಷ್ಟೂ ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ನದಿಯಲ್ಲಿ ಮೇಲಿನಿಂದ ಬೀಳುವ ನೆರಳು ಕೊಕ್ಕರೆಯದು.

ಹಾಗಾಗಿ ಒಂದು ತೊಟ್ಟಿಯಲ್ಲಿ ಕಲ್ಲು, ಒಡೆದ ಮಣ್ಣಿನ ಕೊಳವೆ, ನಾರಿನ ಗೊಂಚಲು ಇಡಲು ಅನುಮತಿ ಕೇಳಿದೆ. ಮರಿಗಳು ಅಡಗುವುದನ್ನೂ ಹುಡುಕಿ ತಿನ್ನುವುದನ್ನೂ ಕಲಿಯಲಿ ಎಂಬುದು ಉದ್ದೇಶ. ಇದಕ್ಕೆ ಎನ್‌ರಿಚ್‌ಮೆಂಟ್ ಎನ್ನುತ್ತಾರೆ. ನಮ್ಮ ಮೇಲ್ವಿಚಾರಕರು ಕನ್ನಡಕ ಹಣೆಗೇರಿಸಿಕೊಂಡು, “ಒಂದೇ ತೊಟ್ಟಿ ನೋಡಮ್ಮ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಕಲ್ಲಿನ ಜೊತೆ ನಿನ್ನ ಆಸೇನೂ ಎತ್ತಿ ಆಚೆ ಹಾಕ್ತೀನಿ” ಎಂದರು.

ಪಟ್ಟಿ ಬಿಚ್ಚಿದ ಕೂಡಲೇ ಅತ್ತಿಗೆ ಹಿತ್ತಿಲ ಶೆಡ್ಡಿಗೆ ಹೋಗಿ ಹೆಣೆಯಲು ಕೂರುತ್ತಾರೆ, ನನಗೆ ಗೊತ್ತು. ಅರ್ಧ ಬೀದಿಯ ಕುರ್ಚಿಗಳು ತಳವಿಲ್ಲದೆ ಅವರ ದಾರಿ ಕಾಯುತ್ತಿರಬೇಕು.

ನಿಮ್ಮ ಚೂಟಿ


ಜುಲೈ ೧೧

ಚೂಟಿಗೆ ಹಾರೈಕೆಗಳು.

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. ‘ಎನ್‌ರಿಚ್‌ಮೆಂಟ್’ ಎಂಬಲ್ಲಿ ನಿಂತುಬಿಟ್ಟೆ. ಇಷ್ಟು ಹಳೆಯ ಭಾಷೆಯಲ್ಲಿ ಇದಕ್ಕೊಂದು ಮಾತಿಲ್ಲವೇ? ‘ಆವರಣ ಸಮೃದ್ಧೀಕರಣ’ ಎಂದು ಮಾಡಿದೆ, ಭಾರವಾಯಿತು. ‘ನೆಲೆಸಿಂಗಾರ’ ಎಂದೆ, ಮದುವೆಮನೆಯ ಹಾಗೆ ಕೇಳಿಸಿತು. ಮಂಚದ ಮೇಲಿಂದ ನಿನ್ನ ಅತ್ತಿಗೆ, “ತೊಟ್ಟಿಗೆ ಒಂದಿಷ್ಟು ಸಾಮಾನು ಹಾಕಿದಾಳೆ ಅನ್ನಿ. ಅಷ್ಟಕ್ಕೆ ಯಾಕೆ ಒದ್ದಾಡ್ತೀರಿ?” ಎಂದಳು. ಪದ ಶಾಸ್ತ್ರೀಯವಲ್ಲ; ಆದರೆ ತಪ್ಪೆಂದು ಹೇಳಲು ನನಗೆ ಆಧಾರ ಸಿಗಲಿಲ್ಲ.

ಪಟ್ಟಿ ಬಿಚ್ಚಿದ್ದಾರೆ. ಬೆರಳುಗಳು ಇನ್ನೂ ಸರಿಯಾಗಿ ಮಡಿಚುವುದಿಲ್ಲ. ಬೆತ್ತದ ಕಟ್ಟುಗಳನ್ನು ಪೀಠೋಪಕರಣದ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಬೀದಿಯವರ ಕುರ್ಚಿಗಳನ್ನು ಅವರವರ ಮನೆಗೆ ಕಳುಹಿಸಿದೆ. ಶೆಡ್ಡಿನಲ್ಲಿ ಈಗ ಅವಳು ಅರ್ಧ ಹೆಣೆದು ಬಿಟ್ಟಿದ್ದ ನಮ್ಮದೇ ಸ್ಟೂಲೊಂದು ಉಳಿದಿದೆ. ಹಿತ್ತಿಲ ಬಾಗಿಲಿನ ಅಗತ್ಯವೂ ಸದ್ಯಕ್ಕೆ ಯಾರಿಗೂ ಇಲ್ಲ.

ಅವಳು ನಿನಗೊಂದು ಪ್ರಶ್ನೆ ಕಳುಹಿಸಿದ್ದಾಳೆ. ವಿಷಯಕ್ಕೆ ಸಂಬಂಧವಿಲ್ಲದ್ದಾದರೂ ಹೇಳಿದ್ದನ್ನು ಹೇಳಿದಂತೆ ಬರೆಯುವುದು ನನ್ನ ಕರ್ತವ್ಯ: “ಮೀನಿನ ತೊಟ್ಟೀಲಿ ಏನಿಡ್ತೀಯ ಅಂತ ಬರೆದೆ. ನಿನ್ನ ಕೋಣೇಲಿ ಏನಿಟ್ಟಿದೀಯೇ?”

ನಿನ್ನ ಅಣ್ಣ


ಜುಲೈ ೩೦

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ.

ಅತ್ತಿಗೆಯ ಪದವನ್ನೇ ಇಟ್ಟುಕೊಂಡಿದ್ದೇನೆ. ನನ್ನ ತೊಟ್ಟಿಗೆ ಸಾಮಾನು ಬಂತು!

ಹೊಳೆದಂಡೆಯಿಂದ ಗುಂಡುಕಲ್ಲುಗಳನ್ನು ಆರಿಸಿ, ಕುದಿಯುವ ನೀರಿನಲ್ಲಿ ತೊಳೆದು, ಒಂದೊಂದನ್ನೇ ಕೈಯಾರೆ ಜೋಡಿಸಿದೆ. ಅರ್ಧ ತೊಟ್ಟಿಗೆ ಹಲಗೆಯ ನೆರಳು ಮಾಡಿದೆ. ಇಲ್ಲಿ ತೊಟ್ಟಿಗಳನ್ನು ಉಜ್ಜುವವರೊಬ್ಬರಿದ್ದಾರೆ, ಎಲ್ಲರೂ ಬ್ರಷ್ ಮಾಮ ಎನ್ನುತ್ತಾರೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, “ಅಮ್ಮಾವ್ರೇ, ಕಲ್ಲು ಎತ್ಬೇಕು, ಉಜ್ಬೇಕು, ಮತ್ತೆ ಇಡ್ಬೇಕು. ಮೀನು ಸಾಕ್ತಿದೀರೋ, ಮನೆ ಕಟ್ಟಿಸ್ತಿದೀರೋ?” ಎಂದರು. “ಗೃಹಪ್ರವೇಶಕ್ಕೆ ನಿಮ್ಮನ್ನೇ ಮೊದಲು ಕರೀತೀನಿ ಮಾಮ” ಎಂದೆ. “ಊಟ ಏನು, ಗುಳಿಗೇನಾ?” ಎಂದು ನಗುತ್ತ ಹೋದರು.

ಮೊದಲೆರಡು ದಿನ ಮರಿಗಳು ಕಲ್ಲುಗಳಿಂದ ದೂರವೇ ಸುತ್ತುತ್ತಿದ್ದವು. ಆಮೇಲೆ ಒಂದು ಮರಿ ಕೊಳವೆಯೊಳಗೆ ಹೋಗಿ ಕುಳಿತಿತು. ಮರುದಿನ ನಾನು ಕೈ ಚಾಚಿದಾಗ ಎಂದಿನಂತೆ ಬಾಯಿಗಳು ಮೇಲೆ ಬಂದವು. ಆದರೆ ಕೆಲವು ಬಾರದೆ ಕಲ್ಲಿನ ಸಂದಿಗೆ ಜಾರಿದವು. ಅಣ್ಣ, ನನ್ನನ್ನು ಕಂಡು ಹೆದರಿ ಓಡುವ ಪ್ರಾಣಿಯನ್ನು ನೋಡಿ ನಾನು ಇಷ್ಟು ಹಿಗ್ಗಿದ್ದು ಇದೇ ಮೊದಲು. ಕಲ್ಲುಗಳ ಜೋಡಣೆ ಎಷ್ಟು ಚೆನ್ನಾಗಿದೆಯೆಂದರೆ, ಅದನ್ನು ಕದಲಿಸಲು ಬ್ರಷ್ ಮಾಮನಿಗೂ ಬಿಡುತ್ತಿಲ್ಲ.

ಬೆತ್ತವನ್ನು ಅಂಗಡಿಗೆ ಕೊಟ್ಟದ್ದು ಅತ್ತಿಗೆಯನ್ನು ಕೇಳಿಯೇ ತಾನೇ?

ನಿಮ್ಮ ಚೂಟಿ


ಆಗಸ್ಟ್ ೧೪

ಚೂಟಿಗೆ ಹಾರೈಕೆಗಳು.

ಬ್ರಷ್ ಮಾಮನ ಮಾತನ್ನು ಓದಿದಾಗ ನಿನ್ನ ಅತ್ತಿಗೆ ನಕ್ಕಳು. ಇನ್ನೊಮ್ಮೆ ಓದಿಸಿ ಇನ್ನೊಮ್ಮೆ ನಕ್ಕಳು. ಮನೆಗೆ ಬಂದ ಮೇಲೆ ಅವಳ ನಗು ಕೇಳಿದ್ದು ಇದೇ ಮೊದಲೆಂಬುದು ಆಗ ನನ್ನ ಗಮನಕ್ಕೆ ಬಂತು. ಕೊಳವೆಯೊಳಗೆ ಕುಳಿತ ಮರಿಯ ಬಗ್ಗೆ, “ಅದು ಜಾಣೆ. ನಿಮಗೆ ಕಾಣದ ಹಾಗೆ ಕೂತಿದೆ” ಎಂದಳು. ನನಗೇಕೆ ಹೇಳಿದಳೋ ತಿಳಿಯದು, ತೊಟ್ಟಿ ನಿನ್ನದು.

ಆ ನಗುವಿನ ಗುಂಗಿನಲ್ಲಿ ನಾನೊಂದು ಸಡಿಲಿಕೆ ಮಾಡಿದ್ದೇನೆ. ಶೆಡ್ಡಿನಲ್ಲಿದ್ದ ಸ್ಟೂಲನ್ನು ಒರೆಸಿ ತಂದು ಕಿಟಕಿಯ ಬಳಿ ಇಟ್ಟಿದ್ದೇನೆ. ಕಿಟಕಿಯವರೆಗೆ ತಾನೇ ನಡೆದು, ಸ್ಟೂಲಿನ ಅಂಚಿನಲ್ಲಿ ಕೈಯೂರಿ ಬೀದಿ ನೋಡುತ್ತಾಳೆ. ಬಿಟ್ಟ ಹೆಣಿಗೆಯ ಎಳೆಗಳನ್ನು ಎಡಗೈಯಿಂದ ತಡವುತ್ತಾಳೆ. ಅವಳು ಅತ್ತ ನಡೆಯುವಾಗಲೆಲ್ಲ ನನ್ನ ಜೀವ ಕೈಗೆ ಬರುತ್ತದೆ. ಆದರೂ ನಿನ್ನ ಮರಿಗಳು ನನಗೊಂದು ಪಾಠ ಕಲಿಸಿರಬಹುದು ಎಂದು ಒಪ್ಪುತ್ತೇನೆ. ಮುಂದಿನ ಸುದ್ದಿಯನ್ನು ಬೇಗ ಬರೆ. ಸಂಜೆಗೆ ನಿನ್ನ ಪತ್ರ ಬಂತೇ ಎಂದು ಅವಳು ಕೇಳುತ್ತಾಳೆ.

ಬೆತ್ತದ ವಿಷಯ ಕೇಳಿದ್ದೀಯೆ. ಅವಳ ಒಳಿತಿಗಾಗಿ ಕೊಟ್ಟದ್ದು.

ನಿನ್ನ ಅಣ್ಣ


ಸೆಪ್ಟೆಂಬರ್ ೯

ಅಣ್ಣ,

ಇದನ್ನು ಅತ್ತಿಗೆಗೆ ಓದಿ ಹೇಳಬೇಡ.

ನನ್ನ ತೊಟ್ಟಿಯ ಮರಿಗಳು ಸತ್ತವು. ಎಲ್ಲವೂ ಅಲ್ಲ, ಆದರೆ ಬುಟ್ಟಿಯಲ್ಲಿ ತುಂಬಿ ಹೊರಹಾಕುವಷ್ಟು. ಆಗಸ್ಟ್ ಕೊನೆಯಲ್ಲೇ ಆದದ್ದು, ಬರೆಯಲು ಮನಸ್ಸಾಗಲಿಲ್ಲ. ಕಲ್ಲುಗಳ ಅಡಿಯಲ್ಲಿ ತಿನ್ನದೆ ಉಳಿದ ಗುಳಿಗೆ, ಹೊಲಸು ಸೇರಿ ಕೊಳೆತು ನೀರು ಕೆಟ್ಟಿತು. ರೆಕ್ಕೆಗಳಿಗೆ ಬಿಳಿಯ ಬೂಷ್ಟು ಹಿಡಿಯಿತು. ಬರಿಯ ತೊಟ್ಟಿಗಳಲ್ಲಿ ಒಂದು ಮರಿಗೂ ಏನೂ ಆಗಿಲ್ಲ.

ಮೇಲ್ವಿಚಾರಕರು ಬಯ್ಯಲಿಲ್ಲ. ಬುಟ್ಟಿ ನೋಡಿ, “ಆಸೆ ಇರ್ಬೇಕಮ್ಮ, ಆದ್ರೆ ಕಲ್ಲಿನಷ್ಟು ಭಾರ ಇರ್ಬಾರ್ದು” ಎಂದು ಹೋದರು. ಉಳಿದ ಮರಿಗಳನ್ನು ಏನು ಮಾಡುವುದೆಂದು ಅವರು ಇನ್ನೂ ಹೇಳಿಲ್ಲ.

ಅತ್ತಿಗೆ ಹೇಗಿದ್ದಾರೆ?

ಚೂಟಿ


ಸೆಪ್ಟೆಂಬರ್ ೨೧

ಚೂಟಿಗೆ ಹಾರೈಕೆಗಳು.

ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಪತ್ರ ನನ್ನ ಕಣ್ಣು ತೆರೆಸಿತು ಎಂಬುದನ್ನೂ ಮುಚ್ಚಿಡಲಾರೆ. ಬರಿಯ ತೊಟ್ಟಿಯಲ್ಲಿ ಒಂದೂ ಸಾಯಲಿಲ್ಲ. ಸಾಮಾನು ತುಂಬಿದ ತೊಟ್ಟಿಯಲ್ಲಿ ಬುಟ್ಟಿಗಟ್ಟಲೆ ಸತ್ತವು. ಇದಕ್ಕಿಂತ ಸ್ಪಷ್ಟವಾದ ವಾಕ್ಯವನ್ನು ನೀನು ಈವರೆಗೆ ಬರೆದಿಲ್ಲ. ಓದಿದ ಸಂಜೆಯೇ ಸ್ಟೂಲನ್ನು ಶೆಡ್ಡಿಗೆ ಸಾಗಿಸಿ, ಹಿತ್ತಿಲ ಬಾಗಿಲಿನ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದೆ. ಬೀಗದ ವಿಷಯ ನಿನಗೆ ಹೇಳಿರಲಿಲ್ಲವೋ ಏನೋ; ಜೂನ್‌ನಿಂದಲೂ ಇದೆ, ಕೀಲಿ ನನ್ನ ಬಳಿ ಭದ್ರವಾಗಿದೆ.

ನೀನು ಹೇಳಿದಂತೆ ಪತ್ರವನ್ನು ಅವಳಿಗೆ ಓದಲಿಲ್ಲ. ಚೂಟಿ ಬರೆದಿಲ್ಲ ಎಂದೆ. ಎರಡು ಸಂಜೆ ಕೇಳಿದಳು; ಈಗ ಕೇಳುವುದಿಲ್ಲ. ಸ್ಟೂಲೆಲ್ಲಿ ಎಂದೂ ಒಮ್ಮೆ ಕೇಳಿದಳು.

ನೀನು ಚಿಂತಿಸಬೇಕಾದದ್ದು ಏನೂ ಇಲ್ಲ. ಅವಳು ಈಗ ಬಹಳ ಶಾಂತವಾಗಿದ್ದಾಳೆ. ಮೈ ಸ್ವಲ್ಪ ತುಂಬಿಕೊಂಡಿದ್ದಾಳೆ. ತಕರಾರಿಲ್ಲ, ಕೊಂಕಿಲ್ಲ. ನನ್ನ ಹೆಜ್ಜೆಯ ಸದ್ದಾದೊಡನೆ ಬಾಗಿಲ ಕಡೆ ತಿರುಗಿ, ನಾನು ಏನೂ ಹೇಳುವ ಮೊದಲೇ ಮಾತ್ರೆಗಾಗಿ ಅಂಗೈ ಚಾಚುತ್ತಾಳೆ. ನಿನ್ನೆ ನಾನು ಕನ್ನಡಕ ಹುಡುಕಲು ಹೋದಾಗಲೂ ಹಾಗೆಯೇ ಚಾಚಿದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ನನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳಿದ್ದಿಲ್ಲ.

ನಿನ್ನ ಅಣ್ಣ


ಸೆಪ್ಟೆಂಬರ್ ೨೭

ಅಣ್ಣ,

ನಿನ್ನ ಪತ್ರದ ಕೊನೆಯ ಭಾಗವನ್ನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಓದಿದೆ. ಓದುತ್ತ ನನ್ನ ಕೈ ಬರಿಯ ತೊಟ್ಟಿಯ ಮೇಲೆ ಚಾಚಿತ್ತು. ಕೆಳಗೆ ನೋಡಿದರೆ ಅಷ್ಟೂ ಬಾಯಿಗಳು ತೆರೆದು ಕಾಯುತ್ತಿದ್ದವು. ನೀನು ಕನ್ನಡಕಕ್ಕೆಂದು ಹೋದಾಗ ಅತ್ತಿಗೆ ಚಾಚಿದ ಕೈ ಎಂಥದೆಂದು ನಿನಗೆ ನಿಜವಾಗಿಯೂ ಕಾಣಲಿಲ್ಲವೇ? ಅದನ್ನು ನೀನು ಶಾಂತಿ ಎಂದು ಬರೆದಿದ್ದೀಯೆ. ಪದಗಳ ವಿಷಯದಲ್ಲಿ ನೀನು ಎಂದೂ ಇಷ್ಟು ಅಜಾಗರೂಕನಾಗಿರಲಿಲ್ಲ.

ನನ್ನ ಮರಿಗಳು ಕಲ್ಲಿನಿಂದ ಸಾಯಲಿಲ್ಲ. ನನ್ನ ಜೋಡಣೆ ನನಗೆ ಅಷ್ಟು ಹಿಡಿಸಿತ್ತು. ಕದಲಿಸಿದರೆ ಮರಿಗಳಿಗೆ ಗಾಬರಿಯಾದೀತೆಂದು ಯಾರಿಗೂ ಮುಟ್ಟಲು ಬಿಡದೆ ಕಾದೆ. ಕದಲದ ಕಲ್ಲಿನ ಅಡಿಯಲ್ಲಿ ಕೊಳೆತದ್ದು ಅವುಗಳನ್ನು ಕೊಂದಿತು. ಈಗ ವಾರಕ್ಕೊಮ್ಮೆ ಎಲ್ಲ ಕಲ್ಲುಗಳನ್ನೂ ಎತ್ತಿ, ತೊಳೆದು, ಬೇರೆ ಬೇರೆ ಕಡೆ ಇಡುತ್ತೇವೆ. ಬ್ರಷ್ ಮಾಮ ಗೊಣಗುತ್ತಲೇ, ತಮಗಿಷ್ಟ ಬಂದ ಕಡೆ ಇಡುತ್ತಾರೆ. ಉಳಿದ ಮರಿಗಳು ಚೇತರಿಸಿಕೊಂಡಿವೆ. ಇವನ್ನೂ ನದಿಗೆ ಬಿಡೋಣ, ಆಮೇಲೆ ನೋಡೋಣ ಎಂದಿದ್ದಾರೆ ಮೇಲ್ವಿಚಾರಕರು.

ನಿನ್ನನ್ನು ದೂರುವ ಹಕ್ಕು ನನಗಿಲ್ಲ ಎಂದೂ ಗೊತ್ತಿದೆ. ಜುಲೈಯಲ್ಲಿ ಅತ್ತಿಗೆ ಒಂದು ಪ್ರಶ್ನೆ ಕಳುಹಿಸಿದ್ದರು, ನಾನು ಉತ್ತರಿಸಲಿಲ್ಲ. ನನ್ನ ಕೋಣೆಯಲ್ಲಿ ಒಂದು ಮಂಚವಿದೆ, ಒಂದು ಗೂಡಿದೆ. ಬಂದು ನಾಲ್ಕು ವರ್ಷವಾದರೂ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ನಿಮ್ಮಲ್ಲಿಗೆ ಬಾರದಿರಲು ಮರಿಗಳು ಕಾರಣವಲ್ಲ; ರಜೆ ಕೇಳಿದರೆ ಕೊಡುತ್ತಾರೆ. ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ, ಅಷ್ಟೇ. ಹೊರಗೆ ಹೋಗಿ ಏನು ಮಾಡಬೇಕೆಂದು ತೋಚುವುದಿಲ್ಲ.

ಇದನ್ನು ಅವರಿಗೆ ಓದಿ ಹೇಳು. ಇಡಿಯಾಗಿ.

ಚೂಟಿ


ಅಕ್ಟೋಬರ್ ೧೮

ಅಣ್ಣ,

ನಿನ್ನಿಂದ ಉತ್ತರವಿಲ್ಲ. ಕೋಪ ಬಂದಿದ್ದರೆ ಇರಲಿ. ನಡೆದದ್ದನ್ನು ಬರೆಯುತ್ತೇನೆ.

ನಿನ್ನೆ ಮರಿಗಳನ್ನು ನದಿಗೆ ಬಿಟ್ಟೆವು. ಎರಡು ಬಗೆಯವಕ್ಕೂ ರೆಕ್ಕೆಯ ತುದಿಯಲ್ಲಿ ಬೇರೆ ಬೇರೆ ಗುರುತು ಮಾಡಿದ್ದೆವು. ದಡದ ಬಳಿ, ಹರಿವು ಕಡಿಮೆಯಿದ್ದ ಕಡೆ, ಬಲೆಯ ಆವರಣದಲ್ಲಿ ಮೊದಲು ಕಲ್ಲಿನ ತೊಟ್ಟಿಯವನ್ನು ಇಳಿಸಿ ಬಲೆ ಎತ್ತಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಖಾಲಿಯಾಯಿತು. ಬೇರಿನ ಅಡಿಗೋ ಕಲ್ಲಿನ ಅಡಿಗೋ, ಎಲ್ಲಿ ಹೋದವೆಂದು ನನಗೂ ಕಾಣಲಿಲ್ಲ. ಮೇಲ್ವಿಚಾರಕರು ಬಗ್ಗಿ ನೋಡಿ, “ಒಂದೂ ಕಾಣ್ತಿಲ್ವಲ್ಲಮ್ಮ! ನಾನು ಏನ್ ನೋಡಿದೆ ಅಂತ ವರದಿ ಬರೀಲಿ?” ಎಂದರು. “ಏನೂ ಕಾಣ್ಲಿಲ್ಲ ಅಂತಾನೇ ಬರೀರಿ ಸಾರ್. ಅದೇ ನಮ್ಗೆ ಬೇಕಾಗಿದ್ದು” ಎಂದೆ.

ಆಮೇಲೆ ಬರಿಯ ತೊಟ್ಟಿಯವನ್ನು ಇಳಿಸಿದೆವು. ದಪ್ಪನೆಯ, ಚೆಂದದ ಮರಿಗಳು. ಬಲೆ ಎತ್ತಿದೆವು. ಅವು ಹೋಗಲಿಲ್ಲ. ಮುಂದೆ ಇಡೀ ನದಿ ಇತ್ತು ಅಣ್ಣ, ಆದರೆ ಅವು ಅಲ್ಲೇ, ಗೋಡೆಯೇ ಇಲ್ಲದ ಕಡೆ, ತಮ್ಮ ತೊಟ್ಟಿಯಷ್ಟೇ ದುಂಡಗೆ, ತೊಟ್ಟಿಯ ನೀರು ತಿರುಗುತ್ತಿದ್ದ ದಿಕ್ಕಿಗೇ ಸುತ್ತತೊಡಗಿದವು. ಬ್ರಷ್ ಮಾಮ ದಡದಿಂದ ಕೈಯಾಡಿಸಿ, “ಹೋಗ್ರೋ, ಹೋಗ್ರೋ” ಎಂದು ಓಡಿಸಲು ನೋಡಿದರು. ಕೈಯ ನೆರಳು ಬಿದ್ದದ್ದೇ, ಎಲ್ಲವೂ ಮೇಲೆ ಬಂದು ಬಾಯಿ ತೆರೆದವು. ಮಾಮ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮುಖ ತಿರುಗಿಸಿದರು. ಆಚೆ ದಡದ ಮರದಲ್ಲಿ ಆಗಲೇ ಕೊಕ್ಕರೆಗಳು ಬಂದು ಕುಳಿತಿದ್ದವು.

ಅತ್ತಿಗೆ ಹೇಗಿದ್ದಾರೆಂದು ಒಂದು ಸಾಲು ಬರೆ. ಅರ್ಧ ವಾಕ್ಯವಾದರೂ ಸರಿ.

ಚೂಟಿ


ನವೆಂಬರ್ ೨

ಚೂಟಿಗೆ,

ಸೆಪ್ಟೆಂಬರ್‌ನ ನಿನ್ನ ಪತ್ರವನ್ನು ಅವಳಿಗೆ ಓದಲಿಲ್ಲ. ಸಿಟ್ಟು ಬಂದಿತ್ತು. ಮಡಿಸಿ ನಿಘಂಟಿನ ಅಡಿಯಲ್ಲಿ ಇಟ್ಟಿದ್ದೆ. ಅಕ್ಟೋಬರ್‌ನದು ಬಂದ ದಿನ ಎರಡನ್ನೂ ಒಟ್ಟಿಗೆ ಓದಿಕೊಂಡೆ. ಗೋಡೆಯೇ ಇಲ್ಲದ ಕಡೆ ಎಂದು ನೀನು ಬರೆದ ಸಾಲಿನಲ್ಲಿ ಎದ್ದು ಹೋಗಿ ಬೀಗ ತೆಗೆದೆ.

ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆದು, “ಬಾರೇ, ಶೆಡ್ಡಿಗೆ ಹೋಗಿ ಬರೋಣ” ಎಂದು ಕರೆದೆ. ಕರೆದೊಡನೆ ಬಂದಳು, ಈಗ ಕರೆದರೆ ಬರುತ್ತಾಳೆ. ಕೋಲೂರಿ ಹೊಸ್ತಿಲವರೆಗೆ ನಡೆದಳು. ಹಿತ್ತಿಲಲ್ಲಿ ಬಿಸಿಲು ಚೆನ್ನಾಗಿತ್ತು. ಒಂದು ಕ್ಷಣ ನೋಡಿದಳು. ಆಮೇಲೆ, “ಅಲ್ಲೇನಿದೆ?” ಎಂದು ಕೇಳಿ, ತಿರುಗಿ, ಗೋಡೆಗುಂಟ ನಡೆದು ಮಂಚಕ್ಕೆ ಹೋದಳು. ಮಂಚದ ಮೇಲೆ ಕುಳಿತು ಕೈ ಚಾಚಿದಳು. ಮಾತ್ರೆಯ ಹೊತ್ತಾಗಿರಲಿಲ್ಲ.

ಆಗ ನನಗೆ ಏನಾಯಿತೆಂದು ಬರೆಯದೆ ಬಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ಅವಳು ತಿರುಗಿದ ಆ ಗಳಿಗೆಯಲ್ಲಿ ನನಗೆ ನಿರಾಳವಾಯಿತು. ಬೀಳಲಿಲ್ಲವಲ್ಲ ಎಂದುಕೊಂಡೆ. ಮತ್ತೆ ಬೀಗ ಹಾಕಿದೆ. ಹಾಕಿದ ಮೇಲೆ ಕೀಲಿಯನ್ನು ಕೈಯಲ್ಲಿಟ್ಟುಕೊಂಡೇ ನಿನ್ನ ಆ ಸಾಲನ್ನು ಮತ್ತೆ ಓದಿದೆ.

ತರಗತಿಯಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಾಗಿಸುವುದು ನನಗೆ ಗೊತ್ತಿತ್ತು. ಸುಮ್ಮನಾದವರನ್ನು ಮಾತಾಡಿಸುವುದು ಹೇಗೆಂದು ನಾನು ಕಲಿತೇ ಇಲ್ಲ. ಏನು ಮಾಡಬೇಕು, ಹೇಳು.

ಅಣ್ಣ


ನವೆಂಬರ್ ೧೦

ಅಣ್ಣ,

ಬಾಗಿಲು ತೆರೆದು ಕರೆಯಬೇಡ. ನಾವು ಮಾಡಿದ ತಪ್ಪೂ ಅದೇ: ಇಡೀ ನದಿಯನ್ನು ಒಮ್ಮೆಲೇ ಮುಂದಿಟ್ಟೆವು. ಮೊದಲು ಕೋಣೆಗೆ ಸಾಮಾನು ಬರಲಿ. ಸ್ಟೂಲನ್ನು ತಂದಿಡು. ಇಟ್ಟಲ್ಲೇ ಇರಲು ಬಿಡಬೇಡ. ಎಲ್ಲವನ್ನೂ ಕೈಗೆ ಕೊಡಬೇಡ. ಕಲ್ಲಿನ ತೊಟ್ಟಿಗೆ ಕೊನೆಯ ವಾರಗಳಲ್ಲಿ ನಾವು ಗುಳಿಗೆಗಳನ್ನು ಮೇಲಿನಿಂದ ಸುರಿಯಲಿಲ್ಲ, ಕಲ್ಲುಗಳ ಅಡಿಯಲ್ಲಿ ಇಟ್ಟೆವು. ಹುಡುಕಿ ತಿಂದದ್ದೇ ಮೈಗೆ ಹತ್ತುತ್ತದೆ. ಅತ್ತಿಗೆ ನಡೆಯುವಾಗ ನಿನ್ನ ಜೀವ ಕೈಗೆ ಬಂದರೆ ಬರಲಿ, ಕೈಯನ್ನು ಬ್ರಷ್ ಮಾಮನ ಹಾಗೆ ಬೆನ್ನ ಹಿಂದೆ ಇಟ್ಟುಕೋ.

ಇದು ಫಲಿಸುತ್ತದೆಂದು ಮಾತು ಕೊಡಲಾರೆ. ನದಿಯಲ್ಲಿ ಬಲೆ ಹಾಕಿ ನೋಡಿದೆವು. ಕಲ್ಲಿನ ತೊಟ್ಟಿಯ ಕೆಲವು ಸಿಕ್ಕವು, ಬರಿಯ ತೊಟ್ಟಿಯ ಒಂದೆರಡೂ ಸಿಕ್ಕವು. ಇಷ್ಟರಿಂದ ಏನನ್ನೂ ಹೇಳಲಾಗದು ಎಂದರು ಮೇಲ್ವಿಚಾರಕರು. ನನಗೂ ಹಾಗೆಯೇ ಅನ್ನಿಸಿತು. ಬರುವ ವರ್ಷವೂ ಒಂದೇ ತೊಟ್ಟಿ. ಹಾಗಾಗಿ ಇನ್ನೊಂದು ವರ್ಷ ನಾನು ಇಲ್ಲೇ.

ನನ್ನ ಕೋಣೆಗೆ ಒಂದು ಕುರ್ಚಿ ತಂದೆ. ತಳ ಹರಿದಿದೆ. ಬೇಕೆಂದೇ ಹರಿದದ್ದನ್ನು ತಂದೆ. ಹೆಣೆಯುವುದನ್ನು ಯಾರಾದರೂ ಹೇಳಿಕೊಡಬೇಕು. ರಜೆಯ ಅರ್ಜಿ ಬರೆದಿದ್ದೇನೆ. ಕೊಟ್ಟಿಲ್ಲ. ಬರೆದಿದ್ದೇನೆ.

ಚೂಟಿ


ಡಿಸೆಂಬರ್ ೧

ಚೂಟಿಗೆ ಹಾರೈಕೆಗಳು.

ನೀನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ಮೊದಲ ದಿನ ಸ್ಟೂಲನ್ನು ಕಿಟಕಿಯ ಬಳಿ ಇಟ್ಟೆ. ನೋಡಿ, ಗೋಡೆಯ ಕಡೆ ಮಗ್ಗುಲಾದಳು. ಅದನ್ನು ಬಾಗಿಲ ಬಳಿಗೆ, ಆಮೇಲೆ ಮಂಚದ ಕಾಲಿನ ಬಳಿಗೆ ಸರಿಸಿದೆ. ಏನೂ ಇಲ್ಲ. ಕೈಗೆ ಕೊಡಬೇಡ ಎಂದಿದ್ದೆಯಲ್ಲ, ಆದ್ದರಿಂದ ಅವಳ ಬಾಚಣಿಗೆಯನ್ನು ದಿಂಬಿನ ಅಡಿಯಲ್ಲೂ ಶಾಲನ್ನು ಹಾಸಿಗೆಯ ಕೆಳಗೂ ಬಚ್ಚಿಟ್ಟೆ. ಕರವಸ್ತ್ರವನ್ನು ಗೂಡಿನ ಮೂಲೆಗೆ ಎಸೆದು, ಮರೆಯಲ್ಲಿ ನಿಂತು ಗಮನಿಸಿದೆ. ಹೀಗೆಯೇ ವಾರ ಕಳೆಯಿತು.

ಒಂದು ಬೆಳಗ್ಗೆ ಅವಳ ಕನ್ನಡಕವನ್ನು, ಮತ್ತೆ ಒಳಗೆ ತಂದಿಟ್ಟಿದ್ದ ಖಾಲಿ ಹೂಕುಂಡದೊಳಗೆ ಇಳಿಸುತ್ತಿದ್ದಾಗ ಹಿಂದಿನಿಂದ ಮಾತು ಕೇಳಿಸಿತು.

“ಏನ್ರೀ ಅದು?”

“ಏನಿಲ್ಲ” ಎಂದೆ.

“ಒಂದು ವಾರದಿಂದ ನೋಡ್ತಿದೀನಿ. ಬಾಚಣಿಗೆ ಇಲ್ಲ, ಶಾಲಿಲ್ಲ. ನನಗೇ ಅರಳುಮರಳು ಅಂದ್ಕೊಂಡಿದ್ದೆ. ನಿಮ್ಮ ಕೆಲಸಾನಾ ಇದು?”

ಬೇರೆ ದಾರಿ ಕಾಣದೆ ನಿನ್ನ ಪತ್ರಗಳನ್ನೆಲ್ಲ ತಂದು, ಸತ್ತ ಮರಿಗಳಿಂದ ಹಿಡಿದು ಕೊನೆಯವರೆಗೆ, ಒಂದು ಸಾಲನ್ನೂ ಬಿಡದೆ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದಾಗ ಮುಖ ಕೆಂಪಾಗಿತ್ತು. “ನಾನೇನು ನಿಮ್ಮ ತಂಗಿ ತೊಟ್ಟೀ ಮೀನೇನ್ರೀ?” ಎಂದು ಕೋಲನ್ನು ನೆಲಕ್ಕೆ ಕುಟ್ಟಿದಳು. ಆಮೇಲೆ ಬಯ್ದಳು. ಬೆತ್ತ ಕೊಟ್ಟದ್ದಕ್ಕೆ, ಕುರ್ಚಿಗಳನ್ನು ಕಳುಹಿಸಿದ್ದಕ್ಕೆ, ಚೂಟಿ ಬರೆದಿಲ್ಲ ಎಂದು ಸುಳ್ಳು ಹೇಳಿದ್ದಕ್ಕೆ, ನನ್ನ ಸಾರಿನ ಉಪ್ಪಿಗೆ. ಪಕ್ಕದ ನರ್ಸಮ್ಮ ಗಾಬರಿಯಾಗಿ ಓಡಿ ಬಂದರು. ಏನೂ ಆಗಿಲ್ಲಮ್ಮ, ಬಯ್ಯುತ್ತಿದ್ದಾಳೆ ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಅವರು ನನಗೇ ನೀರು ತಂದುಕೊಟ್ಟರು.

ಮರುದಿನ ಬೆಳಗಿನ ಮಸುಕಿನಲ್ಲಿ ಮಾತ್ರೆ ಕೊಡಲು ಹೋದವನು ಸ್ಟೂಲನ್ನು ಎಡವಿ ಬಿದ್ದೆ. ರಾತ್ರಿ ನಾನು ಅದನ್ನು ಗೋಡೆಗೆ ಒತ್ತಿ ಇಟ್ಟಿದ್ದೆ ಎಂಬುದು ಖಂಡಿತ. ಮೊಣಕಾಲು ತರಚಿದೆ, ಮೂಳೆಗೆ ಏನೂ ಆಗಿಲ್ಲ. ನಾನು ನೆಲದಲ್ಲಿ ಕುಳಿತೇ ಇದ್ದೆ, ಅವಳು ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ಕೈ ಚಾಚಿರಲಿಲ್ಲ.

ಕೆಳಗಿನ ಸಾಲುಗಳು ಅವಳವು. ಬಲಗೈಯಲ್ಲೇ ಬರೆದಿದ್ದಾಳೆ. ನಾನು ತಿದ್ದಿಲ್ಲ.

ನಿನ್ನ ಅಣ್ಣ

ಚೂಟಿ, ಅಕ್ಷರ ಇನ್ನೂ ಸೊಟ್ಟ ಬರತ್ತೆ. ಸ್ಟೂಲು ಅಲ್ಲಿಟ್ಟಿದ್ದು ನಾನೇ. ಬೇಕಂತಲೇ ಇಟ್ಟೆ. ಎಡವೋದು ಅಂದ್ರೆ ಏನು ಅಂತ ಅವರಿಗೂ ಗೊತ್ತಾಗ್ಲಿ. ನೀನು ಆ ಅರ್ಜಿ ಕೊಟ್ಟು ಬಾ, ಕುರ್ಚೀನೂ ತಗೊಂಡು ಬಾ. ಹಿತ್ಲು ಬಾಗಿಲ ಕೀಲಿ ಎಲ್ಲಿ ಇಟ್ಟಿದಾರೋ ನಿಮ್ಮಣ್ಣ ಹೇಳಿಲ್ಲ, ನಾನೂ ಕೇಳಿಲ್ಲ. ನಿನ್ನೆ ಬೀರು ಮೇಲೆ ನೋಡ್ದೆ, ಇವತ್ತು ನಿಘಂಟಿನ ಅಡಿ ನೋಡ್ದೆ. ಅವರು ಬೆನ್ನ ಹಿಂದೆ ಕೈ ಕಟ್ಕೊಂಡು ಬಾಗಿಲಲ್ಲಿ ನಿಂತಿದಾರೆ. ಹುಡುಕ್ತಾ ಇದೀನಿ.